ಬೆನ್ನ ಹಿಂದಿನ ಜಾಗ

"ಮತ್ತೆ ಅಡ್ಡ ಬಂತಲ್ಲ ಈ ಮಗು. ಒಂದು ಮಾತನ್ನೂ ಪೂರಾ ಹೇಳಲು ಬಿಡುವುದಿಲ್ಲ," ಎಂದು ಪ್ರಣತಿ ಬೇಸರಪಟ್ಟುಕೊಂಡಳು.

ಮಠದ ಗುರುತಾಯಿಯವರ ಮುಂದೆ ಕುಳಿತು ಅವಳು ತನ್ನ ಪರದೇಶದ ಪ್ರಯಾಣದ ಸಂಗತಿ ಹೇಳುತ್ತಿದ್ದಳು. ಕಾಲೇಜಿನ ಸೇವಾ ತಂಡದೊಡನೆ ಹೋಗಿ, ಅಲ್ಲಿಯ ಅನಾಥಾಲಯಗಳಲ್ಲೂ ಶಾಲೆಗಳಲ್ಲೂ ಎರಡು ವಾರ ಇದ್ದು ಬಂದಿದ್ದಳು. ಮಠದ ಅಡುಗೆಮನೆಯಲ್ಲಿ ಕೆಲಸ ಮಾಡುವ ಚಂದ್ರವ್ವನ ಪುಟ್ಟ ಮಗ ಹೊಸಬಳನ್ನು ಕಂಡು ಚೀರಿದ್ದ. ಪ್ರಣತಿ ಚಾಕಲೇಟು ತೋರಿಸಿ ಕೈಚಾಚಿದರೆ ತಾಯಿಯ ಬೆನ್ನ ಹಿಂದೆ ಸರಿದು ಸೀರೆಯಲ್ಲಿ ಮುಖ ಹುದುಗಿಸಿದ.

"ಚಾಕಲೇಟು ಒಳಗಿಡ್ರಿ ಅಕ್ಕಾರ," ಎಂದಳು ಚಂದ್ರವ್ವ. "ಅಪರೂಪಕ್ಕ ನಮ್ಮತ್ತಿ ಬಂದರೂ ಅವ ಹಿಂಗ ಮಾಡ್ತಾನ. ನನಗೂ ಹಂಗ ಚೀರಬೇಕನಸ್ತದ, ಆಗೂದಿಲ್ಲ."

ಗುರುತಾಯಿ ನಕ್ಕರು. ಪ್ರಣತಿ ನಗಲಿಲ್ಲ. ಅವಳು ಬಂದದ್ದು ಅಪ್ಪಣೆ ಕೇಳಲು. ಬರುವ ರಜೆಯಲ್ಲಿ ಇನ್ನೂ ದೊಡ್ಡ ತಂಡ ಕಟ್ಟಿಕೊಂಡು ಅದೇ ಅನಾಥಾಲಯಕ್ಕೆ ಹೋಗುವ ಆಸೆ ಅವಳದು. ಗುರುತಾಯಿ ಒಪ್ಪಿದರೆ ಮಾತ್ರ ಮನೆಯಲ್ಲಿ ಕಳಿಸುವುದಾಗಿ ಹೇಳಿದ್ದರು. ಅವಳು ಫೋನಿನಲ್ಲಿದ್ದ ಒಂದು ಫೋಟೋ ಮುಂದೆ ಹಿಡಿದಳು. ಅದರಲ್ಲಿ ಒಂದು ಪುಟ್ಟ ಹುಡುಗಿ ಅವಳ ಕೊರಳು ತಬ್ಬಿ ನಗುತ್ತಿದ್ದಳು.

"ನೋಡಿ ತಾಯಿ. ನಾನು ವ್ಯಾನಿನಿಂದ ಇಳಿಯುತ್ತಲೇ ಓಡಿಬಂದು ಕೊರಳಿಗೆ ಬಿದ್ದವಳು ಇವಳು. ನನ್ನ ಗುರುತಿಲ್ಲ, ಭಾಷೆ ಬಾರದು. ಎಲ್ಲಿಯದೋ ಮಗುವಿಗೆ ನನ್ನ ಮೇಲೆ ಅಷ್ಟು ಪ್ರೀತಿ. ನಮ್ಮ ಕಡೆಯ ಈ ಮಗುವಿಗೆ ನನ್ನನ್ನು ಕಂಡರೆ ಹೆದರಿಕೆ. ಹೀಗೇಕೆ?"

ಗುರುತಾಯಿ ಬಹಳ ಹೊತ್ತು ಫೋಟೋ ನೋಡಿದರು. ಫೋನನ್ನು ಮರಳಿಸದೆ ತೊಡೆಯ ಮೇಲಿಟ್ಟುಕೊಂಡು ಈ ಕತೆ ಹೇಳಿದರು.

ದೂರದ ಊರಿನಲ್ಲಿ ಅನಾಥ ಮಕ್ಕಳ ಮನೆಯೊಂದಿತ್ತು. ಅದಕ್ಕೊಬ್ಬ ಯಜಮಾನ. ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಆಯಾ. ಒಂದು ದಿನ ಹೊಸ ಹುಡುಗಿಯೊಬ್ಬಳನ್ನು ಅಲ್ಲಿ ತಂದು ಬಿಟ್ಟರು. ಅವಳು ಯಾರ ಬಳಿಯೂ ಹೋಗಲಿಲ್ಲ, ಅನ್ನ ಮುಟ್ಟಲಿಲ್ಲ. ಆಯಾ ಬೇಸರಿಸದೆ ದಿನವೂ ಉಣಿಸಿದಳು, ತಲೆ ಬಾಚಿದಳು, ಪಕ್ಕದಲ್ಲಿ ಮಲಗಿಸಿಕೊಂಡಳು. ಮೆಲ್ಲಗೆ ಹುಡುಗಿ ಅವಳನ್ನು ಹಚ್ಚಿಕೊಂಡಳು. ಹೊಸಬರು ಬಂದರೆ ಓಡಿಹೋಗಿ ಆಯಾಳ ಹಿಂದೆ ಅಡಗುವಳು. ಹಾಗೆ ಅಡಗಿದಾಗಲೆಲ್ಲ ಆಯಾಳಿಗೆ ಒಳಗೊಳಗೇ ಹಿಗ್ಗು.

ಆ ಮನೆಗೆ ಬೇರೆ ದೇಶದ ವಿದ್ಯಾರ್ಥಿಗಳು ಸೇವೆಗೆಂದು ಬರುತ್ತಿದ್ದರು. ಒಂದು ತಂಡ ಹೋದರೆ ಇನ್ನೊಂದು. ಒಳ್ಳೆಯ ಹುಡುಗರು. ಗೋಡೆಗೆ ಬಣ್ಣ ಬಳಿಯುವರು, ಹಾಡು ಕಲಿಸುವರು, ಮಕ್ಕಳನ್ನೆತ್ತಿಕೊಂಡು ಫೋಟೋ ತೆಗೆಸಿಕೊಳ್ಳುವರು. ಅಡಗಿ ನಿಂತ ಹುಡುಗಿಯನ್ನು ಕಂಡರೆ ಅವರ ಮುಖ ಸಪ್ಪಗಾಗುವುದು. ಯಜಮಾನ ಅದನ್ನು ಗಮನಿಸಿದ.

"ಅವರು ಸಮುದ್ರ ದಾಟಿ ಬಂದಿದ್ದಾರೆ. ಇವಳು ನಿನ್ನ ಲಂಗ ಹಿಡಿದು ನಿಂತರೆ ಮತ್ತೆ ಬಂದಾರೆಯೇ? ಅವರ ಹಣ ಬರದಿದ್ದರೆ ಈ ಮನೆಯೂ ಇಲ್ಲ, ನಿನಗೆ ಇಲ್ಲಿ ಕೆಲಸವೂ ಇಲ್ಲ," ಎಂದು ಗದರಿದ.

ಆಯಾ ಹೆದರಿದಳು. ಮುಂದಿನ ತಂಡ ಬಂದಾಗ ಲಂಗ ಹಿಡಿದಿದ್ದ ಪುಟ್ಟ ಮುಷ್ಟಿಯನ್ನು ಬಿಡಿಸಿ, ಹುಡುಗಿಯನ್ನು ತಾನೇ ಮುಂದೆ ತಳ್ಳಿದಳು. ಬಂದವರಲ್ಲಿ ಒಬ್ಬ ಅಕ್ಕ ಎತ್ತಿಕೊಂಡಳು. ಹುಡುಗಿ ಅತ್ತಳು. ಅಕ್ಕ ಒಳ್ಳೆಯವಳು, ಇದ್ದಷ್ಟು ದಿನವೂ ಮುದ್ದು ಮಾಡಿದಳು. ಹುಡುಗಿ ಅವಳನ್ನು ಹಚ್ಚಿಕೊಳ್ಳುವ ಹೊತ್ತಿಗೆ ಅಕ್ಕ ಹೊರಟುಹೋದಳು. ಹುಡುಗಿ ಗೇಟು ಹಿಡಿದುಕೊಂಡು ಅತ್ತಳು. ಇನ್ನೊಬ್ಬ ಅಕ್ಕ ಬಂದಳು, ಹೋದಳು. ಆಗಲೂ ಅತ್ತಳು. ಬರಬರುತ್ತ ಅಳುವುದನ್ನು ಬಿಟ್ಟಳು. ವ್ಯಾನಿನ ಸದ್ದಾದರೆ ತಾನೇ ಗೇಟಿಗೆ ಓಡಿ, ಮೊದಲು ಇಳಿದವರ ಕೊರಳಿಗೆ ಬೀಳುವಳು. ಅವರು ಹೊರಟಾಗ ಕೈಬೀಸಿ, ವ್ಯಾನು ತಿರುವು ದಾಟುವ ಮೊದಲೇ ಆಟಕ್ಕೆ ಹೋಗುವಳು.

"ಈಗ ಸುಧಾರಿಸಿದಳು," ಎಂದ ಯಜಮಾನ.

ಒಂದು ದಿನ ಪಾತ್ರೆ ಮಾರುವವನೊಬ್ಬ ಗೇಟಿನ ಬಳಿ ನಿಂತು ನೀರು ಕೇಳಿದ. ಕುಡಿದು ಹೊರಟುಹೋದ. ಸ್ವಲ್ಪ ಹೊತ್ತಿಗೆ ಆಯಾ ನೋಡಿದರೆ ಹುಡುಗಿ ಇಲ್ಲ. ಬಾವಿಯಲ್ಲಿ ಇಣುಕಿದರು, ಹೊಳೆಯ ದಂಡೆ ಹುಡುಕಿದರು. ಆಯಾ ಹೆಸರು ಹಿಡಿದು ಕೂಗುತ್ತ ಬೀದಿಬೀದಿ ಅಲೆದಳು. ಸಂಜೆ ಆ ವ್ಯಾಪಾರಿಯೇ ಹುಡುಗಿಯನ್ನು ಕರೆತಂದ.

"ನಾನು ಕರೆಯಲಿಲ್ಲ ತಾಯಿ. ತಾನಾಗಿ ಬಂದು ಬೆರಳು ಹಿಡಿದಳು. ಇಲ್ಲೇ ಯಾರದೋ ಮಗು, ಮನೆ ಬಂದರೆ ಬಿಟ್ಟು ಹೋಗುತ್ತದೆ ಅಂದುಕೊಂಡೆ. ಊರು ದಾಟಿದರೂ ಬಿಡಲಿಲ್ಲ. ಎಲ್ಲಿಗೆ ಎಂದು ಕೂಡ ಕೇಳಲಿಲ್ಲ. ಕೊನೆಗೆ ನನಗೇ ಹೆದರಿಕೆಯಾಯಿತು," ಎಂದ.

ಆಯಾ ಅಳುತ್ತ ನೆಲಕ್ಕೆ ಮೊಣಕಾಲೂರಿ ಕೈಚಾಚಿದಳು. ಹುಡುಗಿ ವ್ಯಾಪಾರಿಯ ಬೆರಳು ಬಿಟ್ಟು ಆಯಾಳ ಬೆರಳು ಹಿಡಿದಳು. ವ್ಯಾನಿನಿಂದ ಇಳಿದವರನ್ನು ನೋಡಿ ನಗುತ್ತಿದ್ದ ಹಾಗೆಯೇ ಅವಳನ್ನು ನೋಡಿಯೂ ನಕ್ಕಳು.

ಗುರುತಾಯಿ ಅಷ್ಟಕ್ಕೆ ನಿಲ್ಲಿಸಿದರು.

"ಆದರೆ ತಾಯಿ, ಬಂದವರೆಲ್ಲ ಪ್ರೀತಿಯಿಂದಲೇ ಬಂದಿದ್ದರಲ್ಲ?" ಎಂದಳು ಪ್ರಣತಿ.

"ಪ್ರೀತಿಯಿಂದಲೇ ಬಂದರು. ಪ್ರೀತಿಯಿಂದಲೇ ಹೋದರು."

ಚಂದ್ರವ್ವನ ಮಗ ತಾಯಿಯ ಬೆನ್ನಿಗೆ ಒರಗಿ ನಿದ್ದೆ ಹೋಗಿದ್ದ. ಈಗ ಪ್ರಣತಿಯ ಮಾತಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ. ಅವಳು ಫೋನಿಗಾಗಿ ಕೈಚಾಚಿದಳು. ಗುರುತಾಯಿ ಫೋಟೋವನ್ನು ಇನ್ನೊಮ್ಮೆ ನೋಡಿ, ಫೋನನ್ನು ಅವಳ ಕೈಗಿಟ್ಟರು.

"ನೀನು ಹೋಗುವುದು ಬಿಡುವುದು ಆಮೇಲಾಗಲಿ, ಹೆದರಿಕೆಯಾದಾಗ ಈ ಫೋಟೋದ ಮಗು ಓಡಿಹೋಗಿ ಯಾರ ಹಿಂದೆ ಅಡಗುತ್ತದೆ, ಹೇಳು?"