ಕಡಲೂರಿಗೆ ಹೋದ ಕಂಚುಗಾರ

"ಗುರುಗಳೇ, ಆ ಪಟ್ಟಣಕ್ಕೆ ನಾನು ಹೋಗಲೋ, ಬೇಡವೋ?"

ಕೇಳಿದವನು ಬೊಮ್ಮಯ್ಯ. ಗುರುಗಳ ಮಠದಲ್ಲಿಯೇ ವೈದ್ಯವಿದ್ಯೆ ಕಲಿತವನು. ಸುತ್ತಲಿನ ಹಳ್ಳಿಗಳಲ್ಲಿ ನಾಡಿ ಹಿಡಿದು ಮದ್ದು ಕೊಡುತ್ತಿದ್ದ. ದೂರದ ಪಟ್ಟಣವೊಂದರಲ್ಲಿ ಹೊಸದಾಗಿ ಆರೋಗ್ಯಶಾಲೆ ಕಟ್ಟಿದ್ದರು. ಅಲ್ಲಿಯೇ ನೆಲೆಸಿ ಅದನ್ನು ನೋಡಿಕೊಳ್ಳುವ ವೈದ್ಯ ಬೇಕೆಂದು ಅವನಿಗೆ ಕರೆ ಬಂದಿತ್ತು. ಕರೆ ಬಂದ ದಿನದಿಂದ ಅವನು ಮೀನ ಮೇಷ ಎಣಿಸುತ್ತಿದ್ದ. ಊಟ ಸೇರುತ್ತಿರಲಿಲ್ಲ, ಕೊಡುವ ಮದ್ದಿನ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ.

ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ, "ಹೋದರೆ ಏನಾಗುತ್ತದೆ?" ಎಂದರು.

ಬೊಮ್ಮಯ್ಯನಿಗೆ ಅಷ್ಟೇ ಬೇಕಾಗಿತ್ತು. ಈ ಬೆಟ್ಟದ ಯಾವ ಮಗ್ಗುಲಲ್ಲಿ ಯಾವ ಬೇರು ಸಿಗುತ್ತದೆಂದು ತನಗೆ ಗೊತ್ತು, ಅಲ್ಲಿಯ ನೆಲ ಗೊತ್ತಿಲ್ಲ ಎಂದ. ಇಲ್ಲಿ ತನ್ನ ಮುಖ ಕಂಡರೇ ಜನರಿಗೆ ಅರ್ಧ ಗುಣವಾಗುತ್ತದೆ, ಅಲ್ಲಿ ತಾನು ಯಾರೋ ಏನೋ ಎಂದ. ಇಲ್ಲಿ ನಾಟಿದ ಮದ್ದು ಅಲ್ಲಿ ನಾಟದಿದ್ದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು ಎಂದ. ಹಾಗೆಂದು ಇಲ್ಲಿಯೇ ಉಳಿದರೆ, ಹೋಗಬಹುದಿತ್ತಲ್ಲ ಎಂಬ ಕೊರಗು ಸಾಯುವ ತನಕ ಬಿಡುವುದಿಲ್ಲ ಎಂದ. ಅವನು ಹೇಳಿ ಮುಗಿಸುವ ಹೊತ್ತಿಗೆ ಗುರುಗಳ ಮೊರ ತುಂಬಿತ್ತು.

"ನಿನಗೆ ಉತ್ತರ ಬೇಕೋ, ಕತೆ ಬೇಕೋ?"

"ಉತ್ತರ ಬೇಕು ಗುರುಗಳೇ."

"ಹಾಗಾದರೆ ಕತೆ ಕೇಳು," ಎಂದು ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಗಂಟೆ ಎರಕ ಹೊಯ್ಯುವುದು ಅವನ ಮನೆತನದ ಕಸುಬು. ಆ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಗಂಟೆಯನ್ನು ತೂಗುಹಾಕಿದ ದಿನ, ಎರಕ ಹೊಯ್ದವನು ಅದರ ಬಳಿ ನಿಲ್ಲಬಾರದು. ಗಂಟೆಯ ಕೆಳಗೆ ನಿಂತವನಿಗೆ ಸದ್ದು ಕೇಳುತ್ತದೆ, ನಾದ ಕೇಳುವುದಿಲ್ಲ ಎಂದು ಅವರ ನಂಬಿಕೆ. ಮನೆಯವರು ಬಿಟ್ಟು ಬಿಟ್ಟು ಗಂಟೆ ಬಾರಿಸುತ್ತಿರಬೇಕು. ಅವನು ಹೆಗಲ ಮೇಲೆ ಒಂದು ಕಲ್ಲು ಹೊತ್ತು ಊರಾಚೆಗೆ ನಡೆಯಬೇಕು. ನಡೆಯುತ್ತ ನಡೆಯುತ್ತ ಎಲ್ಲಿ ನಾದ ಕಿವಿಗೆ ಬೀಳದೆ ಹೋಗುತ್ತದೋ ಅಲ್ಲಿ ಆ ಕಲ್ಲನ್ನು ನೆಡಬೇಕು. ಅದನ್ನು ನಾದಗಲ್ಲು ಎಂದು ಕರೆಯುತ್ತಿದ್ದರು.

ಅಜ್ಜನ ನಾದಗಲ್ಲು ಊರ ಹೊರಗಿನ ಹೊಲದಲ್ಲಿತ್ತು. ಅಪ್ಪನದು ಕೆರೆಯ ಏರಿಯ ಮೇಲಿತ್ತು. ಇವನದು ಕೆರೆಯನ್ನೂ ದಾಟಿ ಆಚೆಯ ದಿಬ್ಬದ ನೆತ್ತಿಯಲ್ಲಿತ್ತು. ಅಷ್ಟು ದೂರ ಯಾರ ಕಲ್ಲೂ ಹೋಗಿರಲಿಲ್ಲ. ದಾರಿಹೋಕರು ಅಲ್ಲಿ ಹೊರೆ ಇಳಿಸಿ ಸುಧಾರಿಸಿಕೊಳ್ಳುವರು, ಇದು ಕಂಚುಗಾರನ ಕಲ್ಲು ಎಂದು ಒಬ್ಬರಿಗೊಬ್ಬರು ತೋರಿಸುವರು. ಆ ಮಾತು ಕೇಳುವ ಆಸೆಗೆ ಅವನು ಸಂಜೆ ಹೊತ್ತು ಏನೂ ಕೆಲಸವಿಲ್ಲದಿದ್ದರೂ ಅತ್ತ ಕಡೆ ಸುತ್ತಾಡಿ ಬರುತ್ತಿದ್ದನಂತೆ. ನಗಬೇಡ. ಒಳ್ಳೆಯ ಕೆಲಸ ಮಾಡಿದವನಿಗೆ ಅಷ್ಟೂ ಸುಖ ಬೇಡವೇ?

ಒಮ್ಮೆ ಕಡಲ ದಡದ ಪಟ್ಟಣವೊಂದರಿಂದ ಒಬ್ಬ ಹಿರಿಯ ಬಂದ. ಅವನು ಬೆಸ್ತರ ಯಜಮಾನ. ಚಳಿಗಾಲ ಬಂತೆಂದರೆ ಅವರ ಕಡಲಿನ ಮೇಲೆ ಮಂಜು ಕವಿಯುತ್ತಿತ್ತು. ಮೀನಿಗೆ ಹೋದ ದೋಣಿಗಳಿಗೆ ದಡ ಕಾಣುತ್ತಿರಲಿಲ್ಲ. ದಡದಲ್ಲಿ ದೀಪ ಹಚ್ಚಿಟ್ಟರೆ ದೀಪವೂ ಕಾಣುತ್ತಿರಲಿಲ್ಲ. ಮನೆ ಯಾವ ಕಡೆ ಎಂದು ತಿಳಿಯದೆ ಆಳದ ಕಡೆಗೇ ಹುಟ್ಟು ಹಾಕುತ್ತ ಹೋದವರು ಮರಳಿ ಬರುತ್ತಿರಲಿಲ್ಲ. ಆ ಯಜಮಾನನ ಮಗನೂ ಹಾಗೆ ಹೋದವನೇ.

"ಕಣ್ಣಿಗೆ ದಾರಿ ಇಲ್ಲ ಆಚಾರರೇ, ಕಿವಿಗಾದರೂ ಒಂದು ದಾರಿ ಮಾಡಿಕೊಡಿ," ಎಂದು ಅವನು ಕೈಮುಗಿದ. "ಗಂಟೆ ಮಾಡಿ ಗಾಡಿಯಲ್ಲಿ ಕಳಿಸಿ ಎಂದು ಕೇಳಲು ಬಂದಿಲ್ಲ. ನಮ್ಮಲ್ಲಿಯ ಉಪ್ಪುಗಾಳಿ ಕಂಚನ್ನೂ ತಿನ್ನುತ್ತದೆ, ಗಂಟೆಯನ್ನು ನೋಡಿಕೊಳ್ಳುವ ಕೈ ಹತ್ತಿರವೇ ಇರಬೇಕು. ನೀವು ನಮ್ಮಲ್ಲೇ ಮನೆ ಮಾಡಿಕೊಂಡು ಇದ್ದುಬಿಡಬೇಕು."

"ನನ್ನ ಕಲ್ಲಿರುವುದು ಇಲ್ಲಿ," ಎಂದ ಕಂಚುಗಾರ. "ಅಲ್ಲಿಯ ಮಣ್ಣಿಗೆ ನನ್ನ ಕೈ ಒಗ್ಗುತ್ತದೆಂದು ಏನು ನಂಬಿಕೆ?"

"ನಂಬಿ ಎನ್ನಲು ನಾನು ಯಾರು? ಬಂದು ನೋಡಿ," ಎಂದು ಯಜಮಾನ ಹೊರಟುಹೋದ.

ಕಂಚುಗಾರನಿಗೆ ನಿದ್ದೆ ಹೋಯಿತು. ಎದುರಿಗೆ ಸಿಕ್ಕವರನ್ನೆಲ್ಲ ಕೇಳಿದ. ಹೋಗು ಎಂದವರ ಬಳಿ ಹೋಗದಿರಲು ಕಾರಣ ಹೇಳಿದ, ಬೇಡ ಎಂದವರ ಬಳಿ ಹೋಗಲು ಕಾರಣ ಹೇಳಿದ. ಊರಿನವರಿಗೆ ಸಾಕಾಗಿ, ಇವನು ದೂರದಲ್ಲಿ ಬರುವುದು ಕಂಡರೆ ಬೇರೆ ಓಣಿ ಹಿಡಿಯತೊಡಗಿದರು. ಕೊನೆಗೆ ಅವನ ಹೆಂಡತಿ ಪಾತ್ರೆ ಪಗಡೆ ಕಟ್ಟಿಟ್ಟಳು. ಗಾಡಿ ಬಾಗಿಲಿಗೆ ಬಂತು.

ಆ ಮನೆತನದವರು ಊರು ಬಿಡುವಾಗ ಕುಲುಮೆಯನ್ನು ಒಡೆದು ಹೋಗುವುದು ವಾಡಿಕೆ. ಇವನು ಒಡೆಯಲಿಲ್ಲ. ಅದರ ಬಾಯಿಗೆ ಹಲಗೆ ಮುಚ್ಚಿ ಗಾಡಿ ಹತ್ತಿದ. ಅದನ್ನು ಹೊರಟ ಎನ್ನಬೇಕೋ, ಹೊರಡಲಿಲ್ಲ ಎನ್ನಬೇಕೋ, ನನಗೂ ತಿಳಿಯದು.

ಕಡಲೂರಿನ ಮಣ್ಣು ಬೇರೆ. ಅದು ಅಚ್ಚಿಗೆ ನಿಲ್ಲುತ್ತಿರಲಿಲ್ಲ. ಹಿಡಿದರೆ ಜಾರುತ್ತಿತ್ತು, ಒಣಗಿದರೆ ಬಿರಿಯುತ್ತಿತ್ತು. ಕಂಚುಗಾರ ಹಳೆಯದನ್ನೆಲ್ಲ ಬದಿಗಿಟ್ಟು ಮಣ್ಣು ಕಲೆಸುವುದನ್ನು ಮೊದಲಿನಿಂದ ಕಲಿತ. ಕಂಚು ಸಾಲದೆ ಬಂದಾಗ ಊರಿನವರು ಮನೆಯ ಪಾತ್ರೆಗಳನ್ನು ತಂದು ಕುಲುಮೆಯ ಮುಂದಿಟ್ಟರು. ಕಡಲಿಗೆ ಹೋಗಿ ಮರಳದವರು ಉಣ್ಣುತ್ತಿದ್ದ ತಟ್ಟೆಗಳನ್ನು ಅವರ ಮನೆಯವರು ಅಲ್ಲಿಯವರೆಗೆ ಯಾರಿಗೂ ಕೊಡದೆ ಇಟ್ಟುಕೊಂಡಿದ್ದರು. ಅವೂ ಬಂದವು. ಯಜಮಾನ ತನ್ನ ಮಗನ ತಟ್ಟೆಯನ್ನು ತಾನೇ ಬೆಂಕಿಗೆ ಇಳಿಸಿದ. ಕಂಚುಗಾರ ಮುಖ ತಿರುಗಿಸಿ ತಿದಿ ಒತ್ತಿದ.

ಅಷ್ಟೆಲ್ಲ ಮಾಡಿದರೂ ಅವನು ಕಡಲನ್ನು ಮಾತ್ರ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅಷ್ಟು ನೀರು ಕಂಡರೆ ತಲೆ ತಿರುಗುತ್ತದೆ ಎನ್ನುತ್ತಿದ್ದ. ಅದಕ್ಕೆ ಬೆನ್ನು ಮಾಡಿಯೇ ಕುಳಿತು ಕೆಲಸ ಮುಗಿಸಿದ.

ಗಂಟೆಯನ್ನು ದಡದ ಬಂಡೆಯ ಮೇಲೆ ಕಂಬ ನೆಟ್ಟು ತೂಗುಹಾಕಿದರು. ಹೆಂಡತಿ ಹಗ್ಗ ಹಿಡಿದಳು. ಕಂಚುಗಾರ ಕಲ್ಲು ಹೊತ್ತು ನಡೆದ. ತೆಂಗಿನ ತೋಪು ದಾಟುವಷ್ಟರಲ್ಲಿ ನಾದ ತೆಳ್ಳಗಾಯಿತು. ಮರಳುದಿಣ್ಣೆ ಇಳಿಯುವಷ್ಟರಲ್ಲಿ ಇಲ್ಲವೇ ಆಯಿತು. ಅವನು ಉಸಿರು ಹಿಡಿದು ನಿಂತು ಕೇಳಿದ. ಗಾಳಿ ಬಿಟ್ಟರೆ ಏನೂ ಇಲ್ಲ. ಅಜ್ಜನ ಕಲ್ಲಿನಷ್ಟು ದೂರವೂ ಅವನು ಬಂದಿರಲಿಲ್ಲ.

ಅಲ್ಲಿ ಕಲ್ಲು ನೆಡಲು ಅವನಿಗೆ ಮನಸ್ಸಾಗಲಿಲ್ಲ. ಹೊತ್ತ ಕಲ್ಲನ್ನು ಹೊತ್ತುಕೊಂಡೇ ಮರಳಿ ಬಂದ. ಮುಖದಲ್ಲಿ ಕಳೆ ಇರಲಿಲ್ಲ.

"ಗಂಟು ಕಟ್ಟು, ಊರಿಗೆ ಹೋಗೋಣ," ಎಂದ ಹೆಂಡತಿಗೆ. "ಈ ನೆಲ ನನ್ನ ಕೈ ಹಿಡಿಯಲಿಲ್ಲ. ಆ ಬಡಪಾಯಿಗಳ ತಟ್ಟೆಗಳನ್ನೂ ಹಾಳು ಮಾಡಿದೆ."

ಹಗ್ಗ ಎಳೆದೂ ಎಳೆದೂ ಅವಳ ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು. ಅದನ್ನು ಊದಿಕೊಳ್ಳುತ್ತ, "ಯಾವ ಕಡೆ ನಡೆದಿರಿ?" ಎಂದಳು.

"ಯಾವ ಕಡೆ ಅಂದರೆ? ಬಂದ ದಾರಿಯಲ್ಲಿ."

"ಅದು ನಮ್ಮೂರ ದಾರಿ. ಈ ಗಂಟೆ ಕೇಳಬೇಕಾದವರು ಆ ದಾರಿಯಲ್ಲಿ ಇದ್ದಾರೇನು?"

ಕಂಚುಗಾರ ಪೆಚ್ಚಾಗಿ ನಿಂತ. ಅವನ ಅಜ್ಜ ನಡೆದದ್ದು ನೆಲದ ಮೇಲೆ, ಅಪ್ಪ ನಡೆದದ್ದೂ ನೆಲದ ಮೇಲೆ. ಗಂಟೆಯನ್ನು ಅಳೆಯಲು ನೀರಿನ ಮೇಲೆ ಹೋಗಬೇಕಾದೀತು ಎಂದು ಆ ಮನೆತನದಲ್ಲಿ ಯಾರಿಗೂ ಹೊಳೆಯುವ ಪ್ರಮೇಯವೇ ಬಂದಿರಲಿಲ್ಲ. ಇವನಿಗೆ ಬಂದಿತ್ತು, ಹೊಳೆದಿರಲಿಲ್ಲ. ಕಾಲು ತನಗೆ ತಾನೇ ಮನೆಯ ಕಡೆ ತಿರುಗಿತ್ತು. ಅವನು ಅದರ ಹಿಂದೆ ಹೋಗಿದ್ದ.

ಮಾರನೆಯ ಬೆಳಗ್ಗೆ ಹೆಂಡತಿ ಅಂಗೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಹಗ್ಗ ಹಿಡಿದಳು. ಅವನು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲಿ ಕುಳಿತ. ಯಜಮಾನನೇ ಹುಟ್ಟು ಹಿಡಿದ. ಮೊದಲ ಅಲೆಗೆ ದೋಣಿ ಎದ್ದು ಬಿದ್ದಾಗ ಕಂಚುಗಾರ ಕಣ್ಣು ಮುಚ್ಚಿದ. ಹೆಂಡತಿಯ ಹೆಸರು ಹಿಡಿದು ಕೂಗಿದ ಎಂದೂ ಹೇಳುತ್ತಾರೆ. ಅಲೆ ದಾಟಿದ ಮೇಲೆ ನೀರು ಶಾಂತವಾಯಿತು. ಅವನು ಕಣ್ಣು ತೆರೆದ. ದಡ ಹಿಂದಕ್ಕೆ ಸರಿಯುತ್ತಿತ್ತು. ಗಂಟೆ ಕೇಳುತ್ತಿತ್ತು.

ತೋಪು ಒಂದು ಗೆರೆಯಾಯಿತು. ಗಂಟೆ ಕೇಳುತ್ತಿತ್ತು. ನಿನ್ನೆ ಅವನು ನಡೆದಿದ್ದಷ್ಟು ದೂರವನ್ನು ದೋಣಿ ಯಾವಾಗಲೋ ದಾಟಿತ್ತು. ಅವನ ಊರಿನ ಕೆರೆಯಷ್ಟು ನೀರು ಹಿಂದಾಯಿತು, ದಿಬ್ಬದ ನೆತ್ತಿಯ ಕಲ್ಲಿನಷ್ಟು ದೂರವೂ ಹಿಂದಾಯಿತು. ಗಂಟೆ ಇನ್ನೂ ಕೇಳುತ್ತಲೇ ಇತ್ತು. ನೆಲದ ಮೇಲೆ ಮರ, ಗೋಡೆ, ದಿಬ್ಬಗಳು ತಡೆಯುವ ನಾದವನ್ನು ಇಲ್ಲಿ ತಡೆಯುವವರು ಯಾರೂ ಇರಲಿಲ್ಲ. ಅದು ನೀರಿನ ಮೇಲೆ ನೇರವಾಗಿ ಹರಿದು ಬರುತ್ತಿತ್ತು. ತನ್ನ ಕೈಯ ಕೆಲಸಕ್ಕೆ ಇಂಥ ದನಿ ಇದೆಯೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಂಜು ಬಂತು. ಎಲ್ಲಿಂದ ಬಂತೆಂದು ಅವನು ನೋಡುವ ಮೊದಲೇ ಸುತ್ತ ಮುಚ್ಚಿತು. ದಡ ಹೋಯಿತು. ಆಕಾಶ ಹೋಯಿತು. ನೀರು ಹೋಯಿತು. ದೋಣಿಯ ಮೂತಿ ಹೋಯಿತು. ಎದುರಿಗೆ ಕುಳಿತಿದ್ದ ಯಜಮಾನನ ಮುಖವೂ ಅಳಿಸಿದಂತಾಯಿತು. ಕಂಚುಗಾರ ತನ್ನ ಕೈಯನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡ. ಮರಳದೆ ಹೋದವರು ಕೊನೆಗೆ ಕಂಡದ್ದು ಇದನ್ನೇ ಎಂದು ಅವನಿಗೆ ಅರ್ಥವಾಯಿತು. ಅವನಿಗೆ ಬಹಳ ಹೆದರಿಕೆಯಾಯಿತು.

ಆ ಬಿಳಿಯೊಳಗೆ ಗಂಟೆ ಮೊಳಗಿತು. ಬಿಟ್ಟು ಮತ್ತೆ ಮೊಳಗಿತು.

ಆಗ ಬಲಗಡೆ ಎಲ್ಲೋ ನೀರಿನಲ್ಲಿ ಹುಟ್ಟು ಬಿದ್ದ ಸದ್ದಾಯಿತು. ಎಡಗಡೆ ಇನ್ನೊಂದು. ಹಿಂದೆ, ದೂರದಲ್ಲಿ, ಮತ್ತೊಂದು. ರಾತ್ರಿಯೇ ಮೀನಿಗೆ ಹೋಗಿದ್ದ ದೋಣಿಗಳು ಅವು, ಆ ಪಟ್ಟಣದವು, ಪಕ್ಕದ ಊರುಗಳವು. ಒಂದೂ ಕಣ್ಣಿಗೆ ಕಾಣಲಿಲ್ಲ. ಕಡಲಿನ ತುಂಬ ಕಾಣದ ಜನ, ಕಾಣದ ಹುಟ್ಟುಗಳು, ಎಲ್ಲವೂ ಒಂದೇ ಕಡೆಗೆ ತಿರುಗುತ್ತಿದ್ದವು. ಪಕ್ಕದ ಊರಿನ ಒಂದು ದೋಣಿ ತೀರ ಹತ್ತಿರದಲ್ಲಿ ಹಾದುಹೋಯಿತು. ಅದರಲ್ಲಿದ್ದವರ ಮಾತು ಕೇಳಿಸಿತು.

"ಇದ್ಯಾವುದೋ ಹೊಸ ಗಂಟೆ ಕಣೋ."

"ಯಾವುದಾದರೇನು, ಮನೆ ಆ ಕಡೆ. ತಿರುಗಿಸು."

ಕಂಚುಗಾರನ ಮೈ ನವಿರೆದ್ದಿತು. ಅವರು ಅವನ ಹೆಸರು ಹೇಳಲಿಲ್ಲ. ಅವರಿಗೆ ಅದು ಗೊತ್ತೂ ಇರಲಿಲ್ಲ. ಅವನಿಗೂ ಅವರ ಹೆಸರು, ಮುಖ ಗೊತ್ತಿರಲಿಲ್ಲ. ಆದರೂ ಅವರು ಹಿಡಿದು ಬರುತ್ತಿದ್ದ ದಾರಿ ಅವನ ಕೈಯಿಂದ ಹೊರಟಿತ್ತು. ಅವನು ಕೈ ಜೋಡಿಸಿದ. ಯಾರಿಗೆ ಮುಗಿಯುತ್ತಿದ್ದೇನೆಂದು ಅವನಿಗೆ ತಿಳಿಯಲಿಲ್ಲ.

ಯಜಮಾನ ಹುಟ್ಟು ನಿಲ್ಲಿಸಿದ. "ಇದರಾಚೆಗೆ ನಮ್ಮವರು ಯಾರೂ ಹೋಗುವುದಿಲ್ಲ," ಎಂದ. ಅವನ ದನಿ ಒಡೆದಿತ್ತು. ಅವನು ಅಳುತ್ತಿದ್ದ. "ನಿಮಗೆ ಇನ್ನೂ ಕೇಳುತ್ತಿದೆಯೇ?"

"ಕೇಳುತ್ತಿದೆ," ಎಂದ ಕಂಚುಗಾರ.

ಕಲ್ಲು ಅವನ ತೊಡೆಯ ಮೇಲೆಯೇ ಇತ್ತು. ನಾದ ಮುಗಿದಿರಲಿಲ್ಲ. ಮುಗಿದಿದ್ದರೂ ಕಲ್ಲು ನೆಡಲು ಅಲ್ಲಿ ನೆಲವಿರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಗುರುಗಳು ಮುಂದೆ ಹೇಳುವಂತೆ ಕಾಣಲಿಲ್ಲ.

"ಆಮೇಲೆ ಏನಾಯಿತು ಗುರುಗಳೇ? ಅವನು ಅಲ್ಲೇ ಉಳಿದನೋ, ಊರಿಗೆ ಮರಳಿದನೋ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಆ ಪಟ್ಟಣದ ಜನಕ್ಕೆ ಏನು ಕಾಯಿಲೆಯಂತೆ, ಬೊಮ್ಮಯ್ಯ?"

ಅದನ್ನು ಬೊಮ್ಮಯ್ಯ ಯಾರನ್ನೂ ಕೇಳಿಯೇ ಇರಲಿಲ್ಲ.