ನೀಲಿಬಸವನ ಕಟ್ಟೆ

ಬೆಣಚಿಹಾಳದ ಬಸ್‌ಸ್ಟ್ಯಾಂಡಿನಿಂದ ಇಳಿಜಾರಿನಲ್ಲಿ ನಡೆದು ಅರಿವೆ ಪೇಟೆ ದಾಟಿದರೆ, ಬೇವಿನ ಮರದ ಬುಡದಲ್ಲಿ ಎದೆಮಟ್ಟದ ಒಂದು ಕಲ್ಲಿನ ಕಟ್ಟೆ ಕಾಣುತ್ತದೆ. ಅದರ ಗೋಡೆಯಿಂದ ಬಸವಣ್ಣನ, ಎಂದರೆ ನಂದಿಯ, ಮುಖವೊಂದು ಹೊರಗೆ ಚಾಚಿಕೊಂಡಿದೆ. ಕಣ್ಣಿಗೆ ಬೆಳ್ಳಿ, ಹಣೆಗೆ ವಿಭೂತಿ, ತಲೆಯ ಮೇಲೆ ನಾಲ್ಕು ಕಂಬದ ಪುಟ್ಟ ಗುಡಿ. ಬಾಯಿ ತೆರೆದೇ ಇದೆ, ಆದರೆ ಅದರಿಂದ ನೀರು ಬಂದದ್ದನ್ನು ನೋಡಿದವರು ಈಗ ಯಾರೂ ಉಳಿದಿಲ್ಲ. ಕೆಳದುಟಿಯಿಂದ ಎದೆಯವರೆಗೆ ಅಂಗೈ ಅಗಲದ ನೀಲಿ ಪಟ್ಟೆಯೊಂದು ಇಳಿದಿದೆ. ಅದು ಬಳಿದ ಬಣ್ಣವಲ್ಲ, ಕಲ್ಲಿನೊಳಗೇ ಇಳಿದದ್ದು. ಪುರಸಭೆಯವರು ಒಮ್ಮೆ ಆಸಿಡ್ ಹಾಕಿ ತಿಕ್ಕಿಸಿದರು. ಆಸಿಡ್ ಮುಗಿಯಿತು, ನೀಲಿ ಹೋಗಲಿಲ್ಲ. ಕಟ್ಟೆಯ ಮಗ್ಗುಲಲ್ಲೇ ಪುರಸಭೆಯ ನಳ ಇದೆ. ಐದು ದಿನಕ್ಕೊಮ್ಮೆ ಅದು ಮೊದಲು ಗೊರಗೊರ ಗಾಳಿ ಬಿಡುತ್ತದೆ, ಆಮೇಲೆ ಚಹಾದ ಬಣ್ಣದ ನೀರು, ಆಮೇಲೆ ತಿಳಿನೀರು. ತಿಳಿ ಎಂದರೆ ನೋಡಲಿಕ್ಕೆ ತಿಳಿ, ಅಷ್ಟೇ! ಮೂಗಿನ ಹತ್ತಿರ ತಂದರೆ ಪಕ್ಕದ ಗಟಾರಕ್ಕೂ ಇದಕ್ಕೂ ಏನೋ ನೆಂಟಸ್ತಿಕೆ ಇದೆ ಎಂದು ತಿಳಿಯುತ್ತದೆ. ಕೊಡ ಹಿಡಿದು ಬಂದ ಹೆಂಗಸರು ಮೊದಲ ಲೋಟವನ್ನು ಬಿಸಿಲಿಗೆ ಎತ್ತಿ ಹಿಡಿದು ಒಂದು ಕ್ಷಣ ನೋಡುತ್ತಾರೆ. ಹಾಗೇಕೆ ನೋಡುತ್ತಾರೆ ಎಂಬುದಕ್ಕೆ ದೊಡ್ಡ ಕಥೆಯೇ ಇದೆ. ಹೇಳುವಾಗಲೆಲ್ಲ ಹೊಟ್ಟೆ ಉರಿಯುವ ಕಥೆ.

ಹಿಂದೆ ಒಮ್ಮೆ, ಈ ಊರು ದೇಸಾಯರ ಕೈಯಲ್ಲಿದ್ದ ಕಾಲಕ್ಕೆ, ಗುಡ್ಡದ ಒರತೆಯ ನೀರನ್ನು ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನೆಲದೊಳಗಿನಿಂದಲೇ ಊರಿಗೆ ತಂದಿದ್ದರು ಎನ್ನುತ್ತಾರೆ. ಆ ನೀರು ಹೊರಗೆ ಬೀಳುತ್ತಿದ್ದದ್ದು ಎರಡೇ ಕಡೆ. ಗುಡ್ಡದ ಬುಡದಲ್ಲಿ ಮೇಲಿನ ಬಸವ, ಪೇಟೆಯ ಕೊನೆಗೆ ಈ ಕಟ್ಟೆಯ ಕೆಳಗಿನ ಬಸವ. ಎರಡರ ನಡುವೆ ಕೊಳವೆ ದೇಸಾಯರ ವಾಡೆಯ ಹಿತ್ತಿಲ ಅಡಿಯಿಂದ ಹಾದುಹೋಗುತ್ತಿತ್ತು. ವಾಡೆಯವರು ಮೇಲಿನ ಬಸವನ ನೀರು ತರಿಸಿಕೊಂಡು ಕುಡಿಯುತ್ತಿದ್ದರು, ಊರವರಿಗೆ ಕೆಳಗಿನದು. ಕೆಳಗಿನ ಬಸವನನ್ನೂ ದಾಟಿ, ಹಳ್ಳದ ದಂಡೆಗೆ, ಊರಿನ ಎಲ್ಲರಿಗಿಂತ ತಗ್ಗಿನಲ್ಲಿ ನೀಲಗಾರರ ಓಣಿ. ಅರಿವೆಗೆ, ನೂಲಿಗೆ ನೀಲಿ ಬಣ್ಣ ಹಾಕುವ ಹತ್ತು ಮನೆಗಳವು. ಆ ಓಣಿಯ ಮುರಿಗೆವ್ವ ಗಂಡನಿಲ್ಲದ ಹೆಂಗಸು, ಐವತ್ತರ ಆಸುಪಾಸು, ಮೊಣಕೈವರೆಗೆ ಎಂದೂ ಬಿಡದ ನೀಲಿ. ಅವಳ ಆಸ್ತಿ ಎಂದರೆ ನೆಲದಲ್ಲಿ ಕುತ್ತಿಗೆವರೆಗೆ ಹೂತ ಒಂದು ಬಾನಿ, ಬಣ್ಣದ ದೊಡ್ಡ ಮಡಕೆ. ನೀಲಿ, ಸುಣ್ಣ, ಬೆಲ್ಲ, ತಗಚಿ ಬೀಜ ಹಾಕಿ ಹುಳಿಸಿದ ಆ ಬಾನಿಯನ್ನು ಅವಳ ಅತ್ತೆಯ ಅತ್ತೆ ಎಬ್ಬಿಸಿದ್ದಳಂತೆ; ಹುಳಿ ಬಂದು ಬಣ್ಣ ಬಿಡತೊಡಗಿದರೆ ಬಾನಿ ಎದ್ದಿತು ಎನ್ನುತ್ತಾರೆ. ಅಂದಿನಿಂದ ಒಮ್ಮೆಯೂ ಬರಿದು ಮಾಡಿರಲಿಲ್ಲ. ಮನೆಯ ಹೆಪ್ಪಿನ ಹಾಗೆ, ಹಳೆಯದರ ಮೇಲೆ ಹೊಸದು. ಬೆಳಗ್ಗೆ ಎದ್ದವಳೇ ಮುಚ್ಚಳ ತೆಗೆದು ಮೂಸಿ, ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟು, "ಏನವ್ವಾ, ಚಲೋ ಮಲಗಿದ್ಯಾ?" ಎಂದು ಅದನ್ನೇ ಮಾತಾಡಿಸುತ್ತಿದ್ದಳು.

ಆ ವರ್ಷ ಮಳೆ ಶುರುವಾದದ್ದೇ ತಡ, ಊರಲ್ಲಿ ವಾಂತಿಭೇದಿ ಹೊಕ್ಕಿತು. ಮೊದಲು ಎಳೆಗೂಸುಗಳು, ಆಮೇಲೆ ಮುದುಕರು. ಶ್ರಾವಣ ಮುಗಿಯುವುದರೊಳಗೆ ಪೇಟೆಯಲ್ಲಿ ತೊಟ್ಟಿಲು ಬಿಚ್ಚದ ಮನೆ ಉಳಿಯಲಿಲ್ಲ ಎನ್ನುತ್ತಾರೆ. ಗ್ರಾಮದೇವತೆಗೆ ಉಡಿ ತುಂಬಿದರು, ಊರ ಸುತ್ತ ಹಾಲೆರೆದರು, ಏನೂ ಆಗಲಿಲ್ಲ. ಕಡೆಗೆ ಚಾವಡಿಯಲ್ಲಿ ಕೂತ ದೊಡ್ಡವರು ಯೋಚನೆ ಮಾಡಿ ಮಾಡಿ ಕಂಡುಹಿಡಿದದ್ದೇನು? ನೀರು ಕೆಡಿಸಿದವರು ನೀಲಗಾರರು! ಅವರ ಓಣಿ ನಾರುತ್ತದೆ, ಅವರ ಕೈ ನೋಡಿರಿ, ಅವರ ಹಳ್ಳ ನೋಡಿರಿ, ಇನ್ನೇನು ಬೇಕು? ಮಹಾನವಮಿಯ ಬನ್ನಿ ಮುಡಿಯುವುದರೊಳಗೆ ಹತ್ತೂ ಮನೆಯವರು ಊರು ಬಿಡಬೇಕು, ಇಲ್ಲವಾದರೆ ಬಾನಿಗಳನ್ನು ಒಡೆಯಿಸುತ್ತೇವೆ ಎಂದು ಡಂಗುರ ಹೊಡೆಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಈ ಊರಲ್ಲೇ ಹುಟ್ಟಿರಬೇಕು.

ಮುರಿಗೆವ್ವನಿಗೆ ಮಾತ್ರ ಬೇರೆಯದೇ ಗುಮಾನಿ ಇತ್ತು. ಕೆಳಗಿನ ಬಸವನ ನೀರಲ್ಲಿ ಜಾಲಾಡಿದ ಅರಿವೆಯ ಬಣ್ಣ ಬೇಸಿಗೆಯಿಂದೀಚೆಗೆ ಮಂಕಾಗುತ್ತಿತ್ತು. ಅವಳು ಒಂದೇ ನೂಲಿನ ಎರಡು ತುಂಡು ಅರಿವೆ ತೆಗೆದುಕೊಂಡು, ಒಂದೇ ಬಾನಿಯಲ್ಲಿ ಅದ್ದಿ, ಒಂದನ್ನು ಮೇಲಿನ ಬಸವನ ನೀರಲ್ಲಿ ಜಾಲಾಡಿದಳು, ಇನ್ನೊಂದನ್ನು ಕೆಳಗಿನ ಬಸವನ ನೀರಲ್ಲಿ. ಮೊದಲನೆಯದು ನವಿಲುಗರಿಯಂತೆ ಬಂತು, ಎರಡನೆಯದು ಬೂದಿ ಬಡಿದಂತೆ. ಎರಡು ಬಸವಗಳ ನಡುವೆ ನೀರಿಗೆ ಏನೋ ಸೇರುತ್ತಿದೆ. ನಡುವೆ ಇರುವುದು ವಾಡೆ ಒಂದೇ. ಸೀರೆ ಕೊಡಲು ವಾಡೆಯ ಹಿತ್ತಿಲ ಬಾಗಿಲಿಗೆ ಹೋಗಿ ಬರುತ್ತಿದ್ದ ಅವಳಿಗೆ ಅಲ್ಲಿಯ ಬಚ್ಚಲಗುಂಡಿ ಗೊತ್ತಿತ್ತು. ಇಡೀ ವಾಡೆಯ ಹೊಲಸೆಲ್ಲ ಬೀಳುವ ಗುಂಡಿ, ಮೇಲೆ ಹಾಸುಗಲ್ಲು, ಕಲ್ಲಿಗೆ ಕಿವಿ ಕೊಟ್ಟರೆ ಅಡಿಯಲ್ಲಿ ನೀರು ಹರಿಯುವ ಸದ್ದು. ಗುಂಡಿಯ ಗೋಡೆ ಬಿರಿದಿದೆ, ಕೊಳವೆಯೂ ಒಡೆದಿದೆ ಎಂದು ಅವಳಿಗೆ ಹೊಳೆಯಿತು. ಹೊಳೆದಾಗ ಕುಣಿಯುವಷ್ಟು ಖುಷಿಯಾಯಿತಂತೆ. ಪಾಪ, ಗೊತ್ತುಮಾಡಿ ಹೇಳಿದರೆ ಜನ ಕೇಳುತ್ತಾರೆ ಎಂದು ನಂಬಿದ್ದಳು.

ಎರಡೂ ತುಂಡು ಹಿಡಿದು ಚಾವಡಿಗೆ ಹೋದಳು. ದೇಸಾಯರು ಅರಿವೆ ಮುಟ್ಟಲಿಲ್ಲ. ಶಾನುಭೋಗರು ಬೆಳಕಿಗೆ ಹಿಡಿದು ನೋಡಿ, "ಎರಡೂ ನೀಲೀನ ಅದಾವಲ್ಲಬೇ" ಎಂದು ನಕ್ಕರು. "ಯಪ್ಪಾ, ಹಿತ್ತಲದಾಗಿನ ಒಂದು ಹಾಸಗಲ್ಲು ಎತ್ತಸ್ರಿ, ಅಷ್ಟ ಸಾಕು. ತಪ್ಪು ನಂದಿದ್ರ ನಾನ ಬಾನಿ ಒಡೀತೀನಿ" ಎಂದು ಮುರಿಗೆವ್ವ ಕೈಮುಗಿದಳು. ದೇಸಾಯರ ಮುಖ ಕೆಂಪಾಯಿತು. "ನಮ್ಮ ಮನೀ ಹೆಣ್ಮಕ್ಕಳ ಬಚ್ಚಲದ ಕಲ್ಲು ಊರ ಮುಂದ ಎತ್ತಸೂದೇನ? ಬಸವನ ನೀರು ನೋಡು, ಸ್ಫಟಿಕ ಇದ್ದಂಗ ಐತಿ. ಹೊಲಸಿದ್ರ ಕಣ್ಣಿಗೆ ಕಾಣಬಾರದೇನ?" ಎಂದರು. ಅಲ್ಲಿಂದ ಅವಳು ಪೂಜಾರಿಯ ಮನೆಗೆ ಹೋದಳು, ಪೇಟೆಯ ಶೆಟ್ಟರ ಮನೆಗೆ ಹೋದಳು, ಮಗು ಕಳೆದುಕೊಂಡ ತಾಯಂದಿರ ಮನೆಮನೆಗೆ ಹೋದಳು. ಒಬ್ಬರು ದೇವರ ಮೇಲೆ ಹಾಕಿದರು, ಒಬ್ಬರು ದೇಸಾಯರ ಮೇಲೆ ಹಾಕಿದರು, ಮಿಕ್ಕವರು ಅವಳ ನೀಲಿ ಕೈ ನೋಡಿ ಬಾಗಿಲು ಹಾಕಿಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಬಾಲವನ್ನಾದರೂ ಅಲ್ಲಾಡಿಸೀತು. ಬನ್ನಿಗೆ ಎರಡು ದಿನ ಉಳಿಯಿತು.

ಕಣ್ಣಿಗೆ ಕಾಣಬೇಕಲ್ಲವೇ ಇವರಿಗೆ? ಕಾಣಿಸುತ್ತೇನೆ ಎಂದು ಮುರಿಗೆವ್ವ ಹಟ ಹಿಡಿದಳು. ಒಂದು ಹಿಡಿ ನೀಲಿಯಿಂದ ಆಗುವ ಕೆಲಸ ಅದಲ್ಲ. ಹರಿಯುವ ನೀರಿಗೆ ಬಣ್ಣ ಹಿಡಿಯಬೇಕಾದರೆ ಬಾನಿಯೇ ಬೇಕು, ಇಡೀ ಬಾನಿ. ತಳದ ಹೆಪ್ಪು ಸಹಿತ ಹೋದರೆ ಅದು ಮತ್ತೆ ಏಳುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಉಳಿಸಿಕೊಳ್ಳಲೆಂದೇ ಬಡಿದಾಡುತ್ತಿದ್ದದ್ದನ್ನು ಕೈಯಾರೆ ಚೆಲ್ಲಬೇಕು. ಆಯುಧಪೂಜೆಯ ಮಧ್ಯಾಹ್ನ, ವಾಡೆಯವರೆಲ್ಲ ಹೋಳಿಗೆ ಉಂಡು ಅಡ್ಡಾದ ಹೊತ್ತಿಗೆ, ಅವಳು ಕೊಡದ ಮೇಲೆ ಸೀರೆ ಮುಚ್ಚಿಕೊಂಡು ಹಿತ್ತಿಲ ಬಾಗಿಲಿಗೆ ಹೋದಳು. ಬಣ್ಣದವಳು ಬಂದಳು ಎಂದು ಯಾರೂ ತಡೆಯಲಿಲ್ಲ. ಬಚ್ಚಲಿನ ಕಿಂಡಿಯಲ್ಲಿ ಸುರಿದಳು, ಬಂದಳು, ಮತ್ತೆ ತುಂಬಿದಳು. ಒಂಬತ್ತು ಸಲ. ಕಡೆಯ ಕೊಡಕ್ಕೆ ತಳದ ಹೆಪ್ಪನ್ನು ಬೊಗಸೆಯಲ್ಲಿ ಬಾಚುವಾಗ ಗೊಳೋ ಎಂದು ಅತ್ತಳು ಎನ್ನುತ್ತಾರೆ. ಅತ್ತೆ ಸತ್ತಾಗಲೂ ಅಷ್ಟು ಅತ್ತಿರಲಿಲ್ಲವಂತೆ.

ಬಾನಿಯ ನೀರು ಬಾನಿಯೊಳಗೆ ನೀಲಿಯಲ್ಲ, ಹಳದಿ ಹಸಿರು. ಗಾಳಿ ಸೋಕಿದ ಮೇಲೆಯೇ ಅದು ನೀಲಿಯಾಗುವುದು. ಸಂಜೆ ಹೆಂಗಸರು ಕೊಡ ಹಿಡಿದು ಬಂದಾಗ ಕೆಳಗಿನ ಬಸವನ ಬಾಯಿಂದ ಮೊದಲು ಎಳೆ ಹುಲ್ಲಿನ ಬಣ್ಣದ ನೀರು ಬಂತು, ನೋಡನೋಡುತ್ತಿದ್ದಂತೆ ನೀಲಿಯಾಯಿತು. ಕಡುನೀಲಿ! ಕೊಡಗಳು ಬಿದ್ದವು, ಕೂಗು ಎದ್ದಿತು, ಊರೆಲ್ಲ ಕೂಡಿತು. ಮುರಿಗೆವ್ವ ಕಟ್ಟೆ ಹತ್ತಿ ನಿಂತಳು. "ನೋಡ್ರಿ ಯಪ್ಪಾ, ನೋಡ್ರಿ ಯವ್ವಾ! ನನ್ನ ಬಾನಿ ತಂದು ದೇಸಾಯರ ಬಚ್ಚಲಗುಂಡಿಗೆ ಸುರವೀನಿ. ಅದು ನಿಮ್ಮ ಕೊಡಕ್ಕ ಬಂದೈತಿ. ಬಚ್ಚಲದಾಗ ಬಿದ್ದದ್ದೆಲ್ಲಾ ದಿನಾ ಹಿಂಗ ಬರತೈತಿ. ಇವತ್ತ ಕಂಡೈತಿ, ಅಷ್ಟ!" ಎಂದು ಗಂಟಲು ಹರಿಯುವಂತೆ ಹೇಳಿದಳು. ಮುಖದ ಮೇಲೆ ಗೆದ್ದ ಕಳೆ. ಆಗ ಗುಂಪಿನಲ್ಲಿದ್ದ ಯಾರೋ ಒಬ್ಬ ಪುಣ್ಯಾತ್ಮ, ಅವನ ನಾಲಿಗೆಗೆ ಏನು ಹೇಳೋಣ, "ನೋಡ್ರೋ, ನೀರಾಗ ನೀಲಿ! ನೀಲಗಾರರ ಕೆಲಸ ಅಂತ ದೊಡ್ಡವರು ಅಂದಿದ್ದು ಖರೇ ಆತು!" ಎಂದು ಕಿರುಚಿದ. ಅಷ್ಟೇ ಸಾಕಾಯಿತು. "ನಮ್ಮ ಓಣಿ ತಗ್ಗಿನಾಗ ಐತಲ್ರೋ, ನೀರು ಏರಿ ಹೋಗತೈತೇನ್ರೋ?" ಎಂದು ಅವಳು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಬನ್ನಿಯವರೆಗೂ ಕಾಯದೆ ಅಂದೇ ಒನಕೆ, ಹಾರೆ ಹಿಡಿದು ಓಣಿಗೆ ನುಗ್ಗಿ ಹತ್ತೂ ಮನೆಯ ಬಾನಿ ಒಡೆದರು. ಹುತ್ತ ಬಡಿದು ಹಾವು ಕೊಂದೆವು ಎಂದುಕೊಂಡು ಮನೆಗೆ ಹೋಗಿ ಅದೇ ನೀರು ಕುಡಿದು ಮಲಗಿದರು.

ನೀಲಗಾರರು ಹೊಳೆಯಾಚೆಯ ಒಂದು ಹಳ್ಳಿ ಸೇರಿಕೊಂಡರು. ಬೆಣಚಿಹಾಳದಲ್ಲಿ ನೀಲಿ ಹರಿದುಹೋಗಿ ನೀರು ಮತ್ತೆ ತಿಳಿಯಾಯಿತು, ಆದರೆ ಕೂಸುಗಳು ಸಾಯುವುದು ನಿಲ್ಲಲಿಲ್ಲ. ಮುಂದಿನ ಮಳೆಗಾಲಕ್ಕೆ ವಾಡೆಯ ಹಿತ್ತಿಲು ತಾನಾಗಿಯೇ ಕುಸಿಯಿತು. ಮಣ್ಣು ತೆಗೆದ ಒಡ್ಡರು ಕಂಡದ್ದು ಬಿರಿದ ಗುಂಡಿ, ಒಡೆದ ಕೊಳವೆ, ಎರಡಕ್ಕೂ ಮೆತ್ತಿದ ನೀಲಿ. ಆಗ ಊರಿಗೆ ಬುದ್ಧಿ ಬಂತು. ಬಂತು ಎಂದರೆ, ಅರ್ಧ ಬಂತು. ಮೂವರು ಹಿರಿಯರು ಕಾಯಿ, ಸೀರೆ ಹಿಡಿದು ಹೊಳೆ ದಾಟಿ ಹೋದರು. ಮುರಿಗೆವ್ವ ಹೊಸ ಬಾನಿಯೊಂದರ ಮುಂದೆ ಕೂತಿದ್ದಳು, ಅದು ಇನ್ನೂ ಎದ್ದಿರಲಿಲ್ಲ. "ತಪ್ಪಾತಬೇ ಯವ್ವಾ, ನಿನ್ನ ಮಾತು ಖರೇ ಇತ್ತು. ಕೆಳಗಿನ ಬಸವಗ ಗುಡಿ ಕಟ್ಟತೀವಿ, ಬೆಳ್ಳಿ ಕಣ್ಣು ಮಾಡಸ್ತೀವಿ, ವರ್ಷಾ ನಿನ್ನ ಹೆಸರಲೇ ಎಡಿ ಹಿಡೀತೀವಿ" ಎಂದರು. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ಅದೆಲ್ಲಾ ಇರಲಿ. ಒಡದ ಕೊಳವಿ ತಗದು ಹೊಸಾದು ಹಾಕೀರೇನು?" "ದೇಸಾಯರು ಈ ದೀಪಾವಳಿ ಒಂದು ಆಗಲಿ ಅಂದಾರ" ಎಂದು ಹಿರಿಯರಲ್ಲೊಬ್ಬರು ಗೊಣಗಿದರು. ಮುರಿಗೆವ್ವ ಸಿಟ್ಟಿಗೇಳಲಿಲ್ಲ, ಅವಳಲ್ಲಿ ಅಷ್ಟು ಸಿಟ್ಟೂ ಉಳಿದಿರಲಿಲ್ಲ. ಒಳಗಿನಿಂದ ಒಂದು ತಂಬಿಗೆ ನೀರು ತಂದು ಮುಂದಿಟ್ಟು, "ದಣದು ಬಂದೀರಿ. ಈ ಊರ ನೀರು ಚಲೋ ಐತಿ, ಹೊಟ್ಟಿತುಂಬ ಕುಡದು ಹೋಗ್ರಿ" ಎಂದಳು. ಸೀರೆ ಮುಟ್ಟಲಿಲ್ಲ. ಮತ್ತೆ ಈ ಊರಿಗೆ ಕಾಲಿಡಲಿಲ್ಲ.

ಗುಡಿ ಮಾತ್ರ ಕಟ್ಟಿದರು, ಬೆಳ್ಳಿಯ ಕಣ್ಣು ಈಗಲೂ ಹೊಳೆಯುತ್ತದೆ. ಕೊಳವೆ ಹಾಕಿದರೋ ಇಲ್ಲವೋ, ಐತಿಹ್ಯ ಹೇಳುವುದಿಲ್ಲ. ಹೆಸರೂ ಬಸವನಿಗೇ ಹೋಯಿತು, ನೀಲಿಬಸವ ಎಂದರು, ಮುರಿಗೆವ್ವನ ಎಡೆ ಒಂದೆರಡು ತಲೆಮಾರಿಗೆ ನಿಂತುಹೋಯಿತು. ಇಂದು ವಾಡೆಯ ಜಾಗದಲ್ಲಿ ಸಾಲು ಅಂಗಡಿಗಳಿವೆ, ಅವುಗಳ ಹಿಂದಿನ ಗಟಾರದಲ್ಲೇ ಪುರಸಭೆಯ ಪೈಪು ಮುಳುಗಿ ಎದ್ದು ಬರುತ್ತದೆ. ಸರಕಾರಿ ದವಾಖಾನೆಯಲ್ಲಿ ಮಳೆಗಾಲಕ್ಕೆ ಮಂಚ ಸಾಲುವುದಿಲ್ಲ. ಆದರೂ ಊರವರು ನಿಶ್ಚಿಂತೆಯಿಂದಿದ್ದಾರೆ, ಏಕೆಂದರೆ ಆ ಕಥೆಯಿಂದ ಅವರು ಕಲಿತ ಪಾಠ ಒಂದಿದೆ: ನೀರು ಕೆಟ್ಟರೆ ಬಸವಣ್ಣ ಅದನ್ನು ನೀಲಿ ಮಾಡಿ ತೋರಿಸುತ್ತಾನೆ. ನಳ ಬಂದ ದಿನ ಕಟ್ಟೆಯ ಬಳಿ ನಿಂತು ನೋಡಿರಿ. ತಾಯಿಯೊಬ್ಬಳು ಮೊದಲ ಲೋಟವನ್ನು ಬಿಸಿಲಿಗೆ ಎತ್ತಿ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಾಳೆ. "ನೀಲಿ ಇಲ್ಲ, ಚಲೋ ಐತಿ" ಎಂದು ಬಸವನಿಗೆ ಕೈಮುಗಿದು, ಬಗ್ಗಿ, ಕಂಕುಳ ಕೂಸಿನ ಬಾಯಿಗೆ ಲೋಟ ಹಚ್ಚುತ್ತಾಳೆ.