ಹಿಮದಜ್ಜನ ನೀಲಿ ಬಟ್ಟಲು

ಲೋಕ ಇನ್ನೂ ಹಸಿಹಸಿಯಾಗಿತ್ತು. ಸಮುದ್ರಕ್ಕೆ ಆಗಷ್ಟೇ ಉಪ್ಪು ಹಿಡಿದಿತ್ತು. ಬೆಟ್ಟಗಳು ಮಾತಾಡುತ್ತಿದ್ದವು, ಗಾಳಿ ಮನೆಮನೆಗೆ ಬಂದು ಕೂತು ಹೋಗುತ್ತಿತ್ತು.

ಆಗ ಕಡಲ ದಂಡೆಯಲ್ಲಿ ದುಗ್ಗಿ ಅಂತ ಮೀನು ಹಿಡಿಯುವ ಹೆಂಗಸೊಬ್ಬಳಿದ್ದಳು. ಅವಳಿಗೆ ಒಬ್ಬಳೇ ಮಗಳು, ಸುಬ್ಬಿ. ಒಂದು ಸಲ ಸುಬ್ಬಿಗೆ ಜ್ವರ ಬಂತು. ಎಂಥ ಜ್ವರ ಅಂತೀರಿ! ಹಣೆಗೆ ಹಾಕಿದ ಒದ್ದೆ ಬಟ್ಟೆ ಹಪ್ಪಳದ ಹಾಗೆ ಒಣಗುತ್ತಿತ್ತು.

"ಬಡಗಣ ತುದಿಯಲ್ಲಿ ಹಿಮದಜ್ಜ ಇದ್ದಾನೆ, ಮೈಯೆಲ್ಲ ತಂಪು," ಅಂತು ಗಾಳಿ. "ದೋಣಿ ಹತ್ತು, ನಾನು ದೂಡ್ತೇನೆ."

ಮಗಳನ್ನು ತನ್ನ ಅಕ್ಕನ ಮಡಿಲಲ್ಲಿ ಮಲಗಿಸಿ ದುಗ್ಗಿ ಹೊರಟಳು.

ಬೆಟ್ಟದಷ್ಟು ದೊಡ್ಡ ಹಿಮದ ಮೈಯ ಹಿಮದಜ್ಜ ಆಗ ಸಮುದ್ರದಿಂದ ಬಲು ದೂರ, ಎತ್ತರದಲ್ಲಿ ಒಬ್ಬನೇ ಕೂತಿರುತ್ತಿದ್ದ. ದುಗ್ಗಿ ದೋಣಿ ಇಳಿದು ಅಲ್ಲಿಗೆ ಹತ್ತಿದಳು.

"ಯಾರವ್ವ ಅದು? ನನ್ನ ಹತ್ತಿರ ಯಾರೂ ಬರೋದೇ ಇಲ್ಲವಲ್ಲ!"

"ಅಜ್ಜಾ, ಮಗುವಿಗೆ ಜ್ವರ."

ಅಜ್ಜ ಮತ್ತೊಂದು ಮಾತು ಕೇಳಲಿಲ್ಲ. ತನ್ನ ನೀಲಿ ಬಟ್ಟಲಿನ ತುಂಬ ಹಿಮ ಹಾಕಿ ಕೊಟ್ಟ. "ಇರೋದು ಇದೊಂದೇ ಬಟ್ಟಲು, ತಂದುಕೊಡು. ಮಗು ಹೇಗಿದೆ ಅಂತಲೂ ಹೇಳು."

ಗಾಳಿ ಓಡಿತು, ದೋಣಿ ಓಡಿತು. ಹಿಮದಲ್ಲಿ ಅದ್ದಿದ ಮೂರನೇ ಬಟ್ಟೆಗೆ ಜ್ವರ ಇಳಿಯಿತು. "ಅಮ್ಮಾ, ಗಂಜಿ," ಅಂದಳು ಸುಬ್ಬಿ.

ದುಗ್ಗಿ ಹಿಗ್ಗಿನಿಂದ ತಿರುಗಿ ನೋಡಿದರೆ ಬಟ್ಟಲೇ ಇಲ್ಲ! ಅದೂ ಹಿಮದ್ದೇ. ಕರಗಿ ನೆಲವೆಲ್ಲ ಒದ್ದೆ.

"ಹೊರಡು ಮಾರಾಯ್ತಿ, ಅಜ್ಜ ಕಾಯ್ತಿದ್ದಾನೆ," ಅಂತು ಗಾಳಿ.

"ಹೇಗೆ ಬರಲಿ? ಕೊಟ್ಟವರ ಪಾತ್ರೆಯನ್ನು ಖಾಲಿ ಕೊಡಬಾರದು, ಒಂದು ಹಿಡಿ ಅವಲಕ್ಕಿಯಾದರೂ ಹಾಕಬೇಕು. ನನ್ನ ಹತ್ತಿರ ಪಾತ್ರೆಯೇ ಇಲ್ಲ! ಮಗುವಿಗೆ ಗುಣವಾಯ್ತು ಅಂತ ನೀನೇ ಹೇಳಿಬಿಡು."

"ನನ್ನ ಮಾತು ಯಾರು ನಂಬ್ತಾರೆ? ನಾನು ಬಾಯಿಬಡುಕ ಅಂತ ಲೋಕಕ್ಕೇ ಗೊತ್ತು. ಬಟ್ಟಲು ಹೋದರೆ ಹೋಯ್ತು, ಬಾ."

"ಬೇರೆ ಮಾಡಿ ತರ್ತೇನೆ. ಬರುವ ಹುಣ್ಣಿಮೆಗೆ."

ಮಣ್ಣಲ್ಲಿ ಮಾಡಿದಳು, ಆ ನೀಲಿ ಬರಲಿಲ್ಲ. ಚಿಪ್ಪಲ್ಲಿ ಮಾಡಿದಳು, ಆ ನೀಲಿ ಬರಲಿಲ್ಲ. ಬರುವ ಹುಣ್ಣಿಮೆಗೆ, ಬರುವ ಹುಣ್ಣಿಮೆಗೆ ಅನ್ನುತ್ತಿದ್ದಂತೆಯೇ ಸುಬ್ಬಿಗೇ ಮಕ್ಕಳಾದವು. ಕೊನೆಗೆ ಗಾಳಿಯೂ ಕೇಳುವುದು ಬಿಟ್ಟಿತು.

ಮುದುಕಿಯಾದ ಮೇಲೆ ದುಗ್ಗಿ ದಂಡೆಯಲ್ಲಿ ಕೂತು ಬಡಗಣ ದಿಕ್ಕು ನೋಡುತ್ತಿದ್ದಳು. "ಬರಿಗೈಯಲ್ಲೇ ಹೋಗಿ ಒಂದು ಮಾತು ಹೇಳಬಹುದಿತ್ತು," ಅನ್ನುತ್ತಿದ್ದಳು. ಅಷ್ಟು ಹೊತ್ತಿಗೆ ದೋಣಿ ಲಡ್ಡಾಗಿ ತಳ ಬಿಟ್ಟಿತ್ತು, ಕಾಲಲ್ಲೂ ಬಲ ಇರಲಿಲ್ಲ.

ಅತ್ತ ಅಜ್ಜನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಟ್ಟಲಿನ ನೆನಪೇ ಅವನಿಗಿರಲಿಲ್ಲ. ಮಗು ಉಳಿಯಿತೋ ಇಲ್ಲವೋ? ದಿನಕ್ಕೊಂದು ಗೇಣು, ದಿನಕ್ಕೊಂದು ಗೇಣು ಜಾರುತ್ತ ಸಮುದ್ರದ ತನಕ ಇಳಿದು ಬಂದ.

ಅದಕ್ಕೇ ಮಕ್ಕಳೇ, ಇವತ್ತಿಗೂ ದೊಡ್ಡ ಹಡಗು ಆ ಕಡೆ ಹೋದರೆ, ದುಗ್ಗಿಯೇ ಬಂದಳೆಂದು ಹಿಮದಜ್ಜ ಮುಂದೆ ಬಾಗಿ "ಮಗು ಹೇಗಿದೆ?" ಅಂತ ಗುಡುಗುತ್ತಾನೆ, ಬಾಗಿದ ಭಾರಕ್ಕೆ ಮೈ ಮುರಿದು ನೀಲಿ ನೀಲಿ ಚೂರಾಗಿ ನೀರಿಗೆ ಬೀಳುತ್ತದೆ, ತಮಾಷೆ ನೋಡಲು ಬಂದ ಹಡಗಿನವರು ಚಪ್ಪಾಳೆ ತಟ್ಟುತ್ತಾರೆ, "ಗುಣವಾಯಿತು ಅಜ್ಜಾ" ಅಂತ ಮಾತ್ರ ಯಾರೂ ಹೇಳುವುದಿಲ್ಲ.